ಕಪ್ಪು ಬಿಯರಿನಲ್ಲಿ ಆಲೆಮನೆ

ಮಠ ಎಂದರೆ ನಮ್ಮ ಕಡೆಯ ಜನಕ್ಕೆ ಮೊದಲು ನೆನಪಾಗುವುದು ಅನ್ನ, ಆಮೇಲೆ ಹಾಸ್ಟೆಲು. ಹಳ್ಳಿಯ ಹುಡುಗನೊಬ್ಬ ಪೇಟೆಯಲ್ಲಿ ಓದಬೇಕೆಂದರೆ ಯಾವುದಾದರೊಂದು ಮಠದ ವಿದ್ಯಾರ್ಥಿನಿಲಯದಲ್ಲಿ ಜಾಗ ಉಂಟೇ ಎಂದು ವಿಚಾರಿಸುವುದು ಇಂದಿಗೂ ವಾಡಿಕೆ. ಹೀಗಿರುವಾಗ 'ಮಠದ ಬಿಯರ್' ಎಂಬ ಮಾತು ಕನ್ನಡದ ಕಿವಿಗೆ ಬಿದ್ದರೆ, ಹೇಳಿದವರ ಬುದ್ಧಿ ನೆಟ್ಟಗಿಲ್ಲವೋ ಕೇಳಿದವರ ಕಿವಿ ನೆಟ್ಟಗಿಲ್ಲವೋ ಎಂಬ ಅನುಮಾನ ಬಂದೇ ಬರುತ್ತದೆ. ಬೆಲ್ಜಿಯಂ ದೇಶದಲ್ಲಿ ಮಾತ್ರ ಅದು ದಿನನಿತ್ಯದ ಮಾತು. ಅಲ್ಲಿಯ ಅಂಗಡಿಗಳಲ್ಲಿ, ಹಾಲು ಮೊಸರಿನ ಸಾಲಿನಿಂದ ನಾಲ್ಕು ಹೆಜ್ಜೆ ಆಚೆಗೆ, ಮಠಗಳ ಹೆಸರು ಹೊತ್ತ ಕಂದು ಬಾಟಲಿಗಳು ಶಿಸ್ತಾಗಿ ನಿಂತಿರುತ್ತವೆ. ಅವನ್ನು ಕೊಳ್ಳುವ ಅಜ್ಜಿಯರು ಅದೇ ಬುಟ್ಟಿಯಲ್ಲಿ ಬ್ರೆಡ್ಡನ್ನೂ ಆಲೂಗಡ್ಡೆಯನ್ನೂ ಇಟ್ಟುಕೊಂಡು ಹೋಗುತ್ತಾರೆ.

ಈ ಬಿಯರ್ ಮಾಡುವ ಸನ್ಯಾಸಿಗಳಿಗೆ ಟ್ರಾಪಿಸ್ಟರು ಎಂದು ಹೆಸರು. ಫ್ರಾನ್ಸಿನ ನಾರ್ಮಂಡಿಯಲ್ಲಿದ್ದ ಲಾ ಟ್ರಾಪ್ ಎಂಬ ಮಠದಿಂದ ಆ ಹೆಸರು ಬಂತು. ಆರನೆಯ ಶತಮಾನದ ಸಂತ ಬೆನೆಡಿಕ್ಟ್ ಬರೆದಿಟ್ಟ ನಿಯಮಗಳನ್ನು ಅವರು ಬಲು ಬಿಗಿಯಾಗಿ ಪಾಲಿಸುತ್ತಾರೆ. ನಸುಕಿಗೆ ಮೊದಲೇ ಏಳಬೇಕು, ಮಾತು ಕಡಿಮೆ ಆಡಬೇಕು, ತಮ್ಮ ಹೊಟ್ಟೆಯ ಪಾಡನ್ನು ತಮ್ಮ ಕೈಯ ದುಡಿಮೆಯಿಂದಲೇ ನೋಡಿಕೊಳ್ಳಬೇಕು. ನಮ್ಮ ಶರಣರ 'ಕಾಯಕ'ಕ್ಕೆ ಇದು ತೀರ ಹತ್ತಿರದ್ದು. ಹಾಗೆ ದುಡಿಯುವಾಗ ಒಂದು ಮಠ ಚೀಸ್ ಮಾಡಿತು, ಇನ್ನೊಂದು ಬ್ರೆಡ್ ಮಾಡಿತು, ಕೆಲವು ಬಿಯರ್ ಮಾಡಿದವು. ಬೆನೆಡಿಕ್ಟನ ನಿಯಮದಲ್ಲಿ ಸನ್ಯಾಸಿಗೆ ದಿನಕ್ಕೊಂದು ಅಳತೆ ದ್ರಾಕ್ಷಾರಸಕ್ಕೆ ಅವಕಾಶವಿದೆ. ಅದೂ ಬೇಡ ಎನ್ನಬಲ್ಲವನಿಗೆ ಬೇರೆ ಫಲ ಉಂಟೆಂಬ ಮಾತೂ ಅದೇ ಅಧ್ಯಾಯದಲ್ಲಿದೆ. ದ್ರಾಕ್ಷಿ ಬೆಳೆಯಲು ಹವೆ ಒಗ್ಗದ ಉತ್ತರದ ನಾಡುಗಳಲ್ಲಿ ದ್ರಾಕ್ಷಾರಸದ ಜಾಗಕ್ಕೆ ಬಾರ್ಲಿಯ ಬಿಯರ್ ಬಂದು ಕುಳಿತಿತು.

ಯಾವುದು ನಿಜವಾದ ಟ್ರಾಪಿಸ್ಟ್ ಬಿಯರ್ ಎಂಬುದಕ್ಕೆ ಈಗ ಒಂದು ಮುದ್ರೆಯಿದೆ. 1997ರಲ್ಲಿ ಮಠಗಳೇ ಸೇರಿ ಒಂದು ಸಂಘ ಕಟ್ಟಿಕೊಂಡು, ಆರು ಮೂಲೆಯ ಒಂದು ಚಿಹ್ನೆಯನ್ನು ತಂದವು. ಅದು ಬೇಕಾದರೆ ಬಿಯರನ್ನು ಮಠದ ಗೋಡೆಯೊಳಗೇ ಮಾಡಬೇಕು; ಸನ್ಯಾಸಿಗಳೇ ಮಾಡಬೇಕು, ಇಲ್ಲವೇ ಅವರ ಕಣ್ಗಾವಲಿನಲ್ಲಿ ಮಾಡಿಸಬೇಕು; ಬಂದ ಹಣ ಮಠದ ಖರ್ಚಿಗೂ ಉಳಿದದ್ದು ದಾನಧರ್ಮಕ್ಕೂ ಹೋಗಬೇಕು. ಬೆಲ್ಜಿಯಂನಲ್ಲಿ ಈಗ ಇಂಥವು ಐದೇ: ವೆಸ್ಟ್‌ಮಾಲೆ, ವೆಸ್ಟ್‌ವ್ಲೆಟರೆನ್, ಶಿಮೆ, ಓರ್ವಾಲ್, ರೋಶ್‌ಫೋರ್. ಆರನೆಯದೊಂದಿತ್ತು, ಆಹೆಲ್ ಎಂದು. ಅಲ್ಲಿ ಸನ್ಯಾಸಿಗಳು ಉಳಿಯಲಿಲ್ಲವಾಗಿ 2021ರಲ್ಲಿ ಅದರ ಮುದ್ರೆ ಹೋಯಿತು. ಬಿಯರ್ ಅದೇ, ಗೋಡೆ ಅದೇ. ಒಳಗೆ ಪ್ರಾರ್ಥನೆ ಮಾಡುವವರಿಲ್ಲ, ಅಷ್ಟೇ ವ್ಯತ್ಯಾಸ. ನನಗೆ ಈ ಕಟ್ಟುನಿಟ್ಟು ಬಹಳ ಹಿಡಿಸಿತು.

ಇವಲ್ಲದೆ 'ಅಬ್ಬೆ ಬಿಯರ್' ಎಂಬ ಇನ್ನೊಂದು ದೊಡ್ಡ ಕುಟುಂಬವಿದೆ. ಅವು ಮಠದ ಹೆಸರು ಹೊತ್ತು, ಮಠಕ್ಕೆ ಗೌರವಧನ ಕೊಟ್ಟು, ಕಾರ್ಖಾನೆಗಳಲ್ಲಿ ತಯಾರಾಗುವಂಥವು. ಲೆಫ್ ಎಂಬ ಮಠ ಇರುವುದು ದಿನಾಂ ಊರಿನ ಹತ್ತಿರ, ಮ್ಯೂಸ್ ನದಿಯ ದಂಡೆಯಲ್ಲಿ. ಲೆಫ್ ಬಿಯರ್ ತಯಾರಾಗುವುದು ಲೂವೆನ್ ನಗರದ ಭಾರೀ ಕಾರ್ಖಾನೆಯಲ್ಲಿ. ಇದರಲ್ಲಿ ಮೋಸವೇನಿಲ್ಲ, ಎಲ್ಲರಿಗೂ ಗೊತ್ತಿರುವ ಸಂಗತಿಯೇ. ನಮ್ಮಲ್ಲಿ ದೇವರ ಹೆಸರಿನ ಬಸ್ಸು ಓಡುವುದಿಲ್ಲವೇ, ಹಾಗೆ.

ಲೂವೆನ್‌ಗೂ ನನಗೂ ಏನು ಸಂಬಂಧ ಎಂದರೆ, 1425ರಲ್ಲಿ ಶುರುವಾದ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ನನ್ನ ಮಗಳು ಸಂಶೋಧನೆ ಮಾಡುತ್ತಿದ್ದಾಳೆ. ವಿಷಯ: ಯೀಸ್ಟ್. ಇದನ್ನು ನೆಂಟರಿಷ್ಟರಿಗೆ ವಿವರಿಸುವುದು ಸುಲಭವಲ್ಲ. "ಮಗಳು ಏನೋದ್ತಾ ಅವಳೆ?" ಎಂದು ಮದುವೆಮನೆಯಲ್ಲಿ ಯಾರಾದರೂ ಕೇಳಿದರೆ ನಮ್ಮ ಯಜಮಾನರು "ಇಡ್ಲಿಹಿಟ್ಟು ಉಬ್ಬಿಸೋ ವಿದ್ಯೆ" ಎಂದು ಹೇಳಿ ಪಾರಾಗುತ್ತಾರೆ. ಇಡ್ಲಿಹಿಟ್ಟನ್ನು ಉಬ್ಬಿಸುವುದು ಮುಖ್ಯವಾಗಿ ಬ್ಯಾಕ್ಟೀರಿಯಾ ಕಣ್ರೀ, ಯೀಸ್ಟ್ ಅಲ್ಲ ಎಂದು ನಾನು ಪಕ್ಕದಿಂದ ತಿದ್ದುತ್ತೇನೆ. ಮೂವತ್ತು ವರ್ಷ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿದವಳಿಗೆ ತಿದ್ದುವ ಚಟ ಬೇಗ ಬಿಡುವುದಿಲ್ಲ.

ಮಗಳು ಅಲ್ಲಿಗೆ ಹೋದ ಮೊದಲ ದೀಪಾವಳಿಯ ದಿನ ಫೋನು ಮಾಡಿ, ಹಬ್ಬದ ಮಾತೆಲ್ಲ ಮುಗಿದ ಮೇಲೆ ಹೇಳಿದಳು: "ಅಮ್ಮ, ಇಲ್ಲಿ ಲ್ಯಾಬಲ್ಲಿ ರುಚಿ ನೋಡಿ ಬರೆಯೋ ಕೆಲಸ ಇರುತ್ತೆ. ನಾನೂ ನೋಡ್ತೀನಿ. ಶುಕ್ರವಾರ ಎಲ್ಲರೂ ಹೊರಗೆ ಹೋದಾಗ ಒಂದೊಂದು ದಿನ ಅರ್ಧ ಗ್ಲಾಸ್ ತಗೊಳ್ತೀನಿ. ನಿನಗೆ ಹೇಳದೆ ಇರೋದು ನನಗೆ ಆಗಲ್ಲ." ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ ಕೇಳಿದ್ದು ಒಂದೇ: "ಅರ್ಧ ಗ್ಲಾಸು ಅಂದ್ರೆ ಎಷ್ಟು ಮಿಲಿಲೀಟರು?" ಅವಳು ನಕ್ಕಳು. ನಾನು ನಗಲಿಲ್ಲ. ನಮ್ಮ ಮನೆಯಲ್ಲಿ ಆ ಪ್ರಶ್ನೆಗೆ ನಗುವ ಅಭ್ಯಾಸವಿಲ್ಲ.

ಅದಕ್ಕೆ ಕಾರಣ ನಮ್ಮಪ್ಪ. ಮದ್ದೂರಿನ ಕಡೆಯ ನಮ್ಮ ಹಳ್ಳಿಯ ಸುತ್ತ ನಾಲ್ಕು ಆಲೆಮನೆಗಳಿದ್ದವು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದ್ದು ಕುದ್ದು ಪಾಕಕ್ಕೆ ಬರುವಾಗ, ಇಳಿಸುವ ಗಳಿಗೆ ಯಾವುದು ಎಂದು ಹೇಳಲು ಅಪ್ಪನನ್ನೇ ಕರೆಯುತ್ತಿದ್ದರು. ಒಂದು ಕಡ್ಡಿಯಲ್ಲಿ ಪಾಕ ಎತ್ತಿ ತಣ್ಣೀರಿನ ಬಟ್ಟಲಿಗೆ ಬಿಟ್ಟು, ಬೆರಳಲ್ಲಿ ಉರುಳಿಸಿ ನೋಡಿ "ಇಳಿಸ್ರೋ" ಎನ್ನುತ್ತಿದ್ದ. ಅರ್ಧ ನಿಮಿಷ ಮುಂಚೆ ಇಳಿಸಿದರೆ ಅಚ್ಚು ನಿಲ್ಲುವುದಿಲ್ಲ, ಅರ್ಧ ನಿಮಿಷ ತಡವಾದರೆ ಬೆಲ್ಲ ಕಪ್ಪಾಗಿ ಕಹಿಯಾಗುತ್ತದೆ. ಅಪ್ಪನ ಕೈಯ ಹದ ತಪ್ಪಿದ್ದನ್ನು ನಾನು ಕಂಡಿಲ್ಲ. ಆದರೆ ಕೂಲಿಯ ದುಡ್ಡು ಕೈಗೆ ಬಂದ ಸಂಜೆ ಆತ ಸಾರಾಯಿ ಅಂಗಡಿಯ ಮುಂದೆ ಕೂತರೆ ಎಬ್ಬಿಸಲು ಅವ್ವನೋ ಅಕ್ಕನೋ ಹೋಗಬೇಕು. "ಕೊಪ್ಪರಿಗೆ ಹದ ಗೊತ್ತು, ಲೋಟದ ಹದ ಗೊತ್ತಿಲ್ಲ" ಎನ್ನುತ್ತಿದ್ದಳು ಅವ್ವ. ಬಯ್ಗುಳದಂತೆ ಅಲ್ಲ, ಮಳೆ ಬಂತು ಎನ್ನುವ ಹಾಗೆ. 1979ರಲ್ಲಿ, ನಾನು ಎರಡನೆಯ ಪಿಯುಸಿಯಲ್ಲಿದ್ದಾಗ, ಅಪ್ಪ ಲಿವರ್ ಕೆಟ್ಟು ತೀರಿಕೊಂಡ. ಮದುವೆಗೆ ನಾನು ಹಾಕಿದ ಷರತ್ತು ಒಂದೇ, ಗಂಡು ಕುಡಿಯಬಾರದು. ಒಡವೆ, ಸೀರೆಯ ಮಾತನ್ನೆಲ್ಲ ಬೇರೆಯವರಿಗೆ ಬಿಟ್ಟಿದ್ದೆ.

ಅಂಥ ಮನೆಯ ಮೊಮ್ಮಗಳು ಬಿಯರಿನ ನಾಡಿನಲ್ಲಿ ಯೀಸ್ಟ್ ಓದುತ್ತಾಳೆ, ಅದನ್ನು ಮುಚ್ಚಿಡದೆ ತಾಯಿಗೆ ಹೇಳುತ್ತಾಳೆ ಎಂದರೆ, ಅವಳು ಬಾಯಿಗಿಡುವುದು ಏನು ಎಂದು ತಾಯಿಯೂ ತಿಳಿದಿರಬೇಕು ಎನ್ನಿಸಿತು. 2023ರ ಅಕ್ಟೋಬರಿನಲ್ಲಿ ನಾವಿಬ್ಬರೂ ಹೋದಾಗ ನಾನೇ ಹೇಳಿದೆ, "ನಿಮ್ಮ ಆ ಕಪ್ಪು ಬಿಯರ್ ಎಲ್ಲಿ ಹುಟ್ಟಿತೋ ಅಲ್ಲಿಗೆ ಕರಕೊಂಡು ಹೋಗು." ಯಜಮಾನರು ನನ್ನ ಮುಖವನ್ನೇ ನೋಡಿದರು. "ನೀನೇನಾ ಇದನ್ನ ಹೇಳ್ತಿರೋದು?"

ಮಗಳು ವೆಸ್ಟ್‌ಮಾಲೆಯನ್ನು ಆರಿಸಿದಳು. ಲೂವೆನ್‌ನಿಂದ ಆಂಟ್‌ವರ್ಪ್‌ಗೆ ರೈಲು, ಅಲ್ಲಿಂದ ಟರ್ನ್‌ಹೌಟ್ ರಸ್ತೆಯಲ್ಲಿ ಬಸ್ಸು. ಫ್ರಾನ್ಸಿನ ಕ್ರಾಂತಿಗೆ ಹೆದರಿ ಓಡಿಬಂದ ಸನ್ಯಾಸಿಗಳು 1794ರಲ್ಲಿ ಇಲ್ಲಿ ನೆಲೆಯೂರಿದರು. 1836ರಲ್ಲಿ ಮೊದಲ ಸಲ ತಮ್ಮ ಊಟದ ಜೊತೆಗೆ ತಾವೇ ಮಾಡಿದ ಬಿಯರ್ ಕುಡಿದರು. 1856ರಲ್ಲಿ ಕಂದು ಬಣ್ಣದ ಗಟ್ಟಿ ಬಿಯರ್ ಸೇರಿಕೊಂಡಿತು. 1926ರಲ್ಲಿ ಅದರ ಪಾಕವನ್ನು ತಿದ್ದಿ ಇನ್ನಷ್ಟು ಬಲಪಡಿಸಿದರು. ಅದೇ ಇಂದಿನ 'ಡುಬ್ಬೆಲ್', ಅಂದರೆ ಇಮ್ಮಡಿ. ಜಗತ್ತಿನಲ್ಲಿ ಈ ಹೆಸರಿನ ಕಪ್ಪು ಬಿಯರುಗಳೆಲ್ಲ ಹೆಚ್ಚುಕಡಿಮೆ ಇದನ್ನೇ ನೋಡಿ ಕಲಿತವು. ಮಠದೊಳಗೆ ಪ್ರವಾಸಿಗಳಿಗೆ ಪ್ರವೇಶವಿಲ್ಲ. ಸಾಲುಮರ, ಉದ್ದನೆಯ ಇಟ್ಟಿಗೆ ಗೋಡೆ, ಮರಗಳಾಚೆಗೆ ಚರ್ಚಿನ ತುದಿ, ಇಷ್ಟೇ ನೋಟ. ರಸ್ತೆ ದಾಟಿದರೆ ಎದುರಿಗೇ ಒಂದು ದೊಡ್ಡ ಕೆಫೆ. ಮಠದ ಬಿಯರೂ ಚೀಸೂ ಅಲ್ಲಿ ಸಿಗುತ್ತವೆ.

ಒಳಗೆ ನೋಡಿದರೆ ಯಾವುದೋ ಮದುವೆಯ ಊಟದ ಮನೆಯಂತಿತ್ತು. ಸೈಕಲ್ಲಿನಲ್ಲಿ ಬಂದ ಮುದುಕ ಮುದುಕಿಯರು, ತೊಟ್ಟಿಲುಗಾಡಿಯ ಮಗು, ಸೂಪು ಕುಡಿಯುತ್ತಿದ್ದ ಸಂಸಾರಗಳು. ಬಾರು ಎಂದರೆ ಹಸಿರು ಪರದೆ, ಮಬ್ಬು ದೀಪ, ಬಾಗಿಲಲ್ಲಿ ಯಾರಿಗಾದರೂ ಕಾಯುತ್ತ ನಿಂತ ಹೆಂಗಸು ಎಂದು ಕಂಡು ಬೆಳೆದ ನನಗೆ ಅಲ್ಲಿಯ ಬೆಳಕೇ ಹೊಸದು. ಯಜಮಾನರು ಕಾಫಿ ತರಿಸಿದರು. ನನಗೂ ಮಗಳಿಗೂ ಸೇರಿ ಒಂದು ಡುಬ್ಬೆಲ್ ಬಂತು.

ಬಗ್ಗಿಸುವುದಕ್ಕೂ ಒಂದು ಕ್ರಮವಿದೆ. ಕಾಲುಳ್ಳ, ಅಗಲಬಾಯಿಯ ಗಾಜಿನ ಬಟ್ಟಲನ್ನು ಓರೆಯಾಗಿ ಹಿಡಿದು ಮಗಳು ನಿಧಾನಕ್ಕೆ ಬಗ್ಗಿಸಿದಳು. ಬಾಟಲಿಯ ತಳದಲ್ಲಿ ಬೆರಳಗಲದಷ್ಟು ಉಳಿಸಿ ನಿಲ್ಲಿಸಿದಳು. ತಳದಲ್ಲಿ ಯೀಸ್ಟ್ ಕೂತಿರುತ್ತದೆ. ಈ ಬಿಯರಿಗೆ ಬಾಟಲಿ ತುಂಬುವಾಗ ಇನ್ನೊಂದಿಷ್ಟು ಸಕ್ಕರೆ, ಯೀಸ್ಟ್ ಸೇರಿಸಿ ಬೆಚ್ಚನೆಯ ಕೋಣೆಯಲ್ಲಿ ಕೆಲವು ವಾರ ಇಡುತ್ತಾರೆ. ಬಾಟಲಿಯೊಳಗೇ ಮತ್ತೊಮ್ಮೆ ಹುದುಗಿ ಗಾಳಿ ತುಂಬಿಕೊಳ್ಳುತ್ತದೆ. ಬಟ್ಟಲಿನ ಮೇಲೆ ಎರಡು ಬೆರಳು ನೊರೆ ನಿಂತಿತು. ಬಿಳಿಯಲ್ಲ, ಕೆನೆಬಣ್ಣ. ಕೆಳಗಿನ ದ್ರವ ಕಪ್ಪೆಂದರೆ ಕಪ್ಪಲ್ಲ. ಕಿಟಕಿಯ ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಮಾಣಿಕ್ಯದ ಕೆಂಪು.

"ಅಮ್ಮ, ಕುಡೀಲೇಬೇಕು ಅಂತ ಇಲ್ಲ. ಮೂಸಿ ನೋಡು, ಸಾಕು."

ಮೂಸಿದೆ. ಆಮೇಲೆ ಮಾತಾಡಲು ನನಗೆ ಸ್ವಲ್ಪ ಸಮಯ ಬೇಕಾಯಿತು. ಅದು ಆಲೆಮನೆ. ಕೊಪ್ಪರಿಗೆಯ ಅಂಚಿಗೆ ಹತ್ತಿ ಸುಟ್ಟ ಪಾಕ, ಮರದ ದೋಣಿಗೆ ಸುರಿದಾಗ ಮೇಲೇಳುವ ಬಿಸಿಯ ಹಬೆ, ಒದ್ದೆ ಸಿಪ್ಪೆಯ ಹುಳಿ. ಅದರ ಹಿಂದಿನಿಂದ ಬಂದದ್ದು ಕಳಿತ ಬಾಳೆಹಣ್ಣು, ನಂಜನಗೂಡು ರಸಬಾಳೆ ಎರಡು ದಿನ ಹೆಚ್ಚಾಗಿ ಹಣ್ಣಾದಾಗಿನ ವಾಸನೆ. ಒಣದ್ರಾಕ್ಷಿ, ಎಲ್ಲೋ ಒಂದು ಲವಂಗ. ಇವೆಲ್ಲದರ ಅಡಿಯಲ್ಲಿ, ತಣ್ಣಗೆ, ಚೂಪಾಗಿ, ಅಪ್ಪ. ರಾತ್ರಿ ಬಾಗಿಲು ತೆಗೆದಾಗ ಒಳಗೆ ಬರುತ್ತಿದ್ದ ಅಪ್ಪನ ಉಸಿರು.

ಒಂದು ಗುಟುಕು ಕುಡಿದೆ. ಮೊದಲು ಸಿಹಿ, ಆದರೆ ನಿಲ್ಲದ ಸಿಹಿ. ನಾಲಗೆಯ ಮಧ್ಯಕ್ಕೆ ಬರುವ ಹೊತ್ತಿಗೆ ಕಹಿಯಾಗಿ, ಗಂಟಲಲ್ಲಿ ಒಣಗಿದಂತೆ ಮುಗಿಯಿತು. ಹೇಗಿದೆ ಎಂದು ಇಬ್ಬರೂ ಒಟ್ಟಿಗೇ ಕೇಳಿದರು. "ಹಾಗಲಕಾಯಿ ಗೊಜ್ಜು" ಎಂದೆ. ಬೆಲ್ಲ ಹಾಕಿ ಚೆನ್ನಾಗಿ ಬೇಯಿಸಿದ ಗೊಜ್ಜಿನಲ್ಲಿ ಕಹಿಯೂ ಸಿಹಿಯೂ ಒಂದನ್ನೊಂದು ಬಿಡದೆ ಹಿಡಿದುಕೊಂಡಿರುತ್ತವಲ್ಲ, ಅದೇ ರೀತಿ. ಮಗಳು ತನ್ನ ಟಿಪ್ಪಣಿ ಪುಸ್ತಕದಲ್ಲಿ ಅದನ್ನು ಬರೆದುಕೊಂಡಳು. ಅವಳ ಲ್ಯಾಬಿನವರಿಗೆ ಗೊಜ್ಜೆಂದರೇನು ಎಂದು ಹೇಗೆ ತಿಳಿಸಿದಳೋ ಕೇಳಿಲ್ಲ.

ಆಲೆಮನೆಯ ವಾಸನೆ ನನ್ನ ಕಲ್ಪನೆಯೇನಲ್ಲ, ಅದಕ್ಕೆ ಕಾರಣವಿದೆ. ಈ ಬಿಯರಿನ ಬಣ್ಣ ಬರಿಯ ಬಾರ್ಲಿಯಿಂದ ಬಂದದ್ದಲ್ಲ. ಕಪ್ಪಾಗುವ ತನಕ ಕಾಯಿಸಿದ ಸಕ್ಕರೆಯನ್ನು ಅದಕ್ಕೆ ಹಾಕುತ್ತಾರೆ. ಅದರ ಹೆಸರು ಡಚ್ ಭಾಷೆಯಲ್ಲಿ 'ಕಾಂಡೈ'. ಇಂಗ್ಲಿಷಿನ 'ಕ್ಯಾಂಡಿ'ಯ ದಾಯಾದಿ. ಈ ಪದ ಅಲ್ಲಿಗೆ ಹೋದದ್ದು ಅರಬ್ಬರ 'ಕಂದೀ'ಯಿಂದ, ಅವರಿಗೆ ಬಂದದ್ದು ಪಾರಸಿಯ 'ಕಂದ್'ನಿಂದ, ಅದರ ಬೇರು ಸಂಸ್ಕೃತದ 'ಖಂಡ'. ನಾವು ಖಂಡಸಾರಿ ಎನ್ನುವಾಗ ಇರುವ ಅದೇ ಖಂಡ. ಅಂದರೆ ನಮ್ಮ ಕಲ್ಲುಸಕ್ಕರೆಯ ಹೆಸರು ಒಂಟೆ, ಹಡಗು ಹತ್ತಿ ಬೆಲ್ಜಿಯಂನ ಮಠದ ಕೊಪ್ಪರಿಗೆಗೆ ಬಿದ್ದಿದೆ. ಹೆಸರು ನಮ್ಮದಾದರೂ ಸಕ್ಕರೆ ಮಾತ್ರ ಕಬ್ಬಿನದಲ್ಲ, ಅಲ್ಲಿಯ ಬೀಟಿನದು. 1747ರಲ್ಲಿ ಮಾರ್ಗ್ರಾಫ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ಬೀಟಿನಲ್ಲಿರುವುದೂ ಕಬ್ಬಿನ ಸಕ್ಕರೆಯೇ ಎಂದು ತೋರಿಸಿಕೊಟ್ಟ. ಬ್ರಿಟಿಷರ ಹಡಗುಗಳಿಂದ ಬರುವ ಸಕ್ಕರೆ ನಿಂತುಹೋದಾಗ ನೆಪೋಲಿಯನ್ 1811ರಲ್ಲಿ ಬೀಟ್ ಬೆಳೆಯಿರೆಂದು ಆಜ್ಞೆ ಮಾಡಿದ. ಲೂವೆನ್‌ಗೆ ಹತ್ತಿರದ ಟೀನೆನ್ ಎಂಬ ಊರು ಇಂದಿಗೂ ಸಕ್ಕರೆ ಕಾರ್ಖಾನೆಯ ಊರು. ನಾವು ಹೋದದ್ದು ಬೀಟ್ ಕೀಳುವ ತಿಂಗಳು. ಆ ಕಡೆ ಸುತ್ತಾಡುವಾಗ ಹೊಲಗಳ ಅಂಚಿನಲ್ಲಿ ಮಣ್ಣು ಮೆತ್ತಿದ ಗೆಡ್ಡೆಗಳ ರಾಶಿ ಆಳೆತ್ತರ ಬಿದ್ದಿತ್ತು. 1933ರಲ್ಲಿ ಸಕ್ಕರೆ ಕಾರ್ಖಾನೆ ಶುರುವಾದ ಮಂಡ್ಯದಲ್ಲಿ ಬದುಕು ಕಳೆದ ನನಗೆ ಕಬ್ಬಿನ ಗಾಡಿಗಳ ಸಾಲು ಕಣ್ಣಿಗೆ ಬಂತು.

ಯಜಮಾನರ ಕಾಫಿಯ ಜೊತೆಗೊಂದು ಪುಟ್ಟ ಕಂದು ಬಿಸ್ಕತ್ತು ಬಂದಿತ್ತು. ಆ ರುಚಿಯೂ ಇದೇ ಕಪ್ಪು ಸಕ್ಕರೆಯದು. "ಹಾಗಾದರೆ ನಾನೂ ಮಠದ ಪ್ರಸಾದ ತೆಗೆದುಕೊಂಡ ಹಾಗಾಯಿತು" ಎಂದು ಅವರು ಇನ್ನೊಂದು ಬಿಸ್ಕತ್ತು ಕೇಳಿ ತರಿಸಿಕೊಂಡರು.

ಸಕ್ಕರೆ ಹಾಕಿದರೆ ಬಿಯರ್ ಸಿಹಿಯಾಗಬೇಕಲ್ಲ ಎಂದು ವಿದ್ಯಾರ್ಥಿಗಳು ಕೇಳಬಹುದು. ಆಗುವುದಿಲ್ಲ. ಸಕ್ಕರೆಯನ್ನು ಯೀಸ್ಟ್ ಬಹುತೇಕ ಪೂರ್ತಿ ತಿಂದು ಮುಗಿಸಿ ಆಲ್ಕೋಹಾಲನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಉಳಿಯುವುದು ಬಣ್ಣ ಮತ್ತು ಸುಟ್ಟ ಪಾಕದ ಪರಿಮಳ. ಆದ್ದರಿಂದ ನೋಡಲು ಕಷಾಯದಂತಿದ್ದರೂ ನಾಲಗೆಗೆ ತೆಳು, ಹೊಟ್ಟೆಗೆ ಹಗುರ. ಇದೇ ಅದರ ಅಪಾಯವೂ ಹೌದು; ಆ ಮಾತಿಗೆ ಆಮೇಲೆ ಬರುತ್ತೇನೆ. ಬಾಳೆಹಣ್ಣಿನ ವಾಸನೆಗೆ ಕಾರಣ ಐಸೊಅಮೈಲ್ ಅಸಿಟೇಟ್ ಎಂಬ ಎಸ್ಟರ್. ಪಿಯುಸಿ ಲ್ಯಾಬಿನಲ್ಲಿ ಆಮ್ಲಕ್ಕೆ ಆಲ್ಕೋಹಾಲೂ ಎರಡು ಹನಿ ಗಂಧಕಾಮ್ಲವೂ ಹಾಕಿ ಬಿಸಿ ಮಾಡಿ 'ಹಣ್ಣಿನ ವಾಸನೆ ಬಂತು' ಎಂದು ರೆಕಾರ್ಡ್ ಪುಸ್ತಕದಲ್ಲಿ ಬರೆಯುತ್ತೀರಲ್ಲ, ಅದೇ ಜಾತಿಯದು. ವಾಸನೆ ಬಾರದೆಯೂ ಬಂತು ಎಂದು ಬರೆಯುವವರೇ ಹೆಚ್ಚು ಎಂಬುದು ಬೇರೆ ಮಾತು.

ಈ ಯೀಸ್ಟಿನ ವಂಶಾವಳಿಯೂ ಸ್ವಾರಸ್ಯದ್ದು. ಲೂವೆನ್‌ನ ವಿಜ್ಞಾನಿಗಳು ಬೇರೆಯವರೊಡನೆ ಸೇರಿ 157 ಯೀಸ್ಟ್ ತಳಿಗಳ ಜೀನುಗಳನ್ನು ಪೂರ್ತಿ ಓದಿ 2016ರಲ್ಲಿ ಪ್ರಕಟಿಸಿದರು. ಇಂದಿನ ಬಿಯರ್ ಯೀಸ್ಟುಗಳು ಕೆಲವೇ ಪೂರ್ವಜರಿಂದ ಬಂದವು, ಸುಮಾರು ನಾನ್ನೂರು ವರ್ಷಗಳ ಹಿಂದೆ ಬಿಯರ್ ಮಾಡುವವರ ಕೈಯಲ್ಲಿ ಅವು ಹಸು ನಾಯಿಗಳಂತೆ ಪಳಗಿದವು ಎಂದು ಅದರಿಂದ ತಿಳಿಯಿತು. ಸೂಕ್ಷ್ಮಜೀವಿ ಉಂಟೆಂದೇ ತಿಳಿಯದ ಕಾಲದಲ್ಲಿ ಜನ ಅದನ್ನು ಸಾಕಿದ್ದು ಹೇಗೆ? ನಮ್ಮ ಹೆಂಗಸರು ಹೆಪ್ಪನ್ನು ಸಾಕಿದ ಹಾಗೆಯೇ; ಹಿಂದಿನ ಪಾತ್ರೆಯದನ್ನು ಮುಂದಿನದಕ್ಕೆ ಹಾಕುತ್ತ. ವೆಸ್ಟ್‌ವ್ಲೆಟರೆನ್ ಮಠದವರು ಇಂದಿಗೂ ವೆಸ್ಟ್‌ಮಾಲೆಯಿಂದಲೇ ಯೀಸ್ಟ್ ತರಿಸಿಕೊಳ್ಳುತ್ತಾರೆ. ಪಕ್ಕದ ಮನೆಗೆ ಹೆಪ್ಪು ಕೇಳಲು ಲೋಟ ಹಿಡಿದು ಹೋದಂತೆ, ದೂರ ಸ್ವಲ್ಪ ಹೆಚ್ಚು ಅಷ್ಟೇ.

ಇನ್ನು ಲೆಕ್ಕ. ಕೆಫೆಯ ಕಾಗದದ ಕರವಸ್ತ್ರದ ಮೇಲೆ ಮಾಡಿದ ಲೆಕ್ಕವನ್ನೇ ಇಲ್ಲಿ ಕೊಡುತ್ತೇನೆ, ತಂದೆತಾಯಿಯರಿಗೂ ಕಾಲೇಜಿನ ಮಕ್ಕಳಿಗೂ ಬೇಕಾದದ್ದು. ಡುಬ್ಬೆಲ್ ಬಾಟಲಿ 330 ಮಿಲಿಲೀಟರು, ಆಲ್ಕೋಹಾಲು ಶೇಕಡಾ 7. ಅಂದರೆ 23.1 ಮಿಲಿಲೀಟರು, ಸಾಂದ್ರತೆ 0.789ರಿಂದ ಗುಣಿಸಿದರೆ 18 ಗ್ರಾಂ ಚಿಲ್ಲರೆ. ಮೂವತ್ತು ಮಿಲಿಲೀಟರಿನ ಒಂದು ಪೆಗ್ ವಿಸ್ಕಿಯಲ್ಲಿ ಸುಮಾರು 10 ಗ್ರಾಂ. ಬಟ್ಟಲು ಚಿಕ್ಕದು, ಆದರೆ ಹೆಚ್ಚುಕಡಿಮೆ ಎರಡು ಪೆಗ್. ರೋಶ್‌ಫೋರ್ ಮಠದ 10ನೇ ನಂಬರಿನ ಕಪ್ಪು ಬಿಯರ್ ಶೇಕಡಾ 11.3, ಅದರ ಒಂದೇ ಪುಟ್ಟ ಬಾಟಲಿ 29 ಗ್ರಾಂ ದಾಟುತ್ತದೆ. ನಮ್ಮಲ್ಲಿಯ 650 ಮಿಲಿಲೀಟರಿನ ದೊಡ್ಡ ಬಾಟಲಿ, ಶೇಕಡಾ 5ರದ್ದು, 26 ಗ್ರಾಂಗೂ ಸ್ವಲ್ಪ ಕಡಿಮೆ. ಅದೇ ಅಳತೆಯಲ್ಲಿ ಶೇಕಡಾ 8ರ 'ಸ್ಟ್ರಾಂಗ್' ಆದರೆ 41 ಗ್ರಾಂ. ನಮ್ಮ ಲಿವರು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮಾತ್ರ ಕರಗಿಸಬಲ್ಲದು. ಅದನ್ನು ಅವಸರಪಡಿಸಲು ನಿಂಬೆರಸದಿಂದಲೂ ಆಗದು, ತಣ್ಣೀರಿನ ಸ್ನಾನದಿಂದಲೂ ಆಗದು. ಬಿಯರೆಂದರೆ ಮದ್ಯವೇ ಅಲ್ಲ, ಬಾರ್ಲಿನೀರು ಎಂದು ಹುಡುಗರು ಹೇಳುವುದನ್ನು ಕೇಳಿದ್ದೇನೆ. ಲಿವರಿಗೆ ಬಾಟಲಿಯ ಚೀಟಿ ಓದಲು ಬರುವುದಿಲ್ಲ, ಅದು ಗ್ರಾಂ ಎಣಿಸುತ್ತದೆ.

ಬೆಲ್ಜಿಯಂನ ಬಿಯರ್ ಇಷ್ಟು ಗಟ್ಟಿಯಾದದ್ದರ ಹಿಂದೆ ಒಂದು ಕಾನೂನೂ ಇದೆ. ಕಾರ್ಮಿಕರ ಸಂಸಾರಗಳು ಜಿನ್ ಕುಡಿತದಿಂದ ಹಾಳಾಗುತ್ತಿವೆಯೆಂದು 1919ರಲ್ಲಿ ಮಂತ್ರಿ ಎಮಿಲ್ ವಾಂಡರ್‌ವೆಲ್ಡೆ, ಕೆಫೆಗಳಲ್ಲಿ ಬಟ್ಟಿಯಿಳಿಸಿದ ಮದ್ಯ ಮಾರುವುದನ್ನೇ ನಿಲ್ಲಿಸುವ ಕಾನೂನು ತಂದರು. ಮನೆಗೆ ಕೊಳ್ಳುವುದಾದರೆ ಒಮ್ಮೆಗೆ ಎರಡು ಲೀಟರಿಗೆ ಕಡಿಮೆ ಕೊಡುವಂತಿಲ್ಲ. ಕೂಲಿಯವನ ಕಿಸೆಯಲ್ಲಿ ಅಷ್ಟು ದುಡ್ಡು ಇರದು ಎಂಬ ಲೆಕ್ಕ. ಜಿನ್ ಸಿಗದ ಜನ ಗಟ್ಟಿ ಬಿಯರ್ ಹುಡುಕಿದರು, ಮಾಡುವವರು ಮಾಡಿಕೊಟ್ಟರು. ಡುಬ್ಬೆಲ್ ಬಲವಾದ 1926 ಈ ಕಾನೂನಿನ ಕಾಲವೇ. ಅದು ರದ್ದಾದದ್ದು 1983ರಲ್ಲಿ. ನಮ್ಮಲ್ಲಿ ಸಾರಾಯಿ ನಿಷೇಧವಾದದ್ದು 2007ರಲ್ಲಿ. ಕುಡಿಯುವವರು ಆಮೇಲೆ ಯಾವ ಬಾಟಲಿಯ ಕಡೆ ತಿರುಗಿದರು ಎಂಬುದನ್ನು ನಮ್ಮೂರಿನ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ.

ಯುನೆಸ್ಕೊ 2016ರಲ್ಲಿ ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ, ಆರೋಗ್ಯದ ದೃಷ್ಟಿಯಿಂದ ಆಲ್ಕೋಹಾಲಿಗೆ 'ಇಷ್ಟಾದರೆ ಅಪಾಯವಿಲ್ಲ' ಎಂಬ ಮಿತಿಯೇ ಇಲ್ಲ ಎಂದಿತು. ಎರಡೂ ವಿಶ್ವಸಂಸ್ಥೆಯ ಮನೆಯ ಮಕ್ಕಳೇ. ನಾನು ಎರಡನೆಯದರ ಪಕ್ಷ. ಆದರೆ ಮೊದಲನೆಯದು ಯಾಕೆ ಹಾಗೆಂದಿತು ಎಂಬುದು ಆ ಕೆಫೆಯಲ್ಲಿ ಕೂತಾಗ ಕಾಣುತ್ತಿತ್ತು. ನಮ್ಮ ಪಕ್ಕದ ಮೇಜಿನ ಮುದುಕ ಒಂದು ಬಟ್ಟಲನ್ನು ಒಂದೂಕಾಲು ಗಂಟೆ ಇಟ್ಟುಕೊಂಡಿದ್ದ. ನಾನು ಗಡಿಯಾರ ನೋಡಿ ಹೇಳುತ್ತಿದ್ದೇನೆ. ಸನ್ಯಾಸಿಗಳು ಊಟಕ್ಕೆಂದು ಮಾಡಿಕೊಳ್ಳುವ ಬಿಯರಂತೂ ಡುಬ್ಬೆಲ್ ಅಲ್ಲವೇ ಅಲ್ಲ. ಶೇಕಡಾ 5ರ ಆಸುಪಾಸಿನ ತೆಳುವಾದದ್ದು. ಬೇಡಿಕೆ ಇದೆಯೆಂದು ಮಾಡುತ್ತಲೇ ಹೋಗುವವರೂ ಅಲ್ಲ. ವೆಸ್ಟ್‌ವ್ಲೆಟರೆನ್‌ನವರು ಎರಡನೆಯ ಮಹಾಯುದ್ಧ ಮುಗಿದ ಮೇಲೆ, ಇಷ್ಟು ಸಾಕು ಎಂದು ಹೊರಗಿನ ವ್ಯಾಪಾರವನ್ನು 1946ರಲ್ಲಿ ಬೇರೊಂದು ಕಾರ್ಖಾನೆಗೆ ಬಿಟ್ಟುಕೊಟ್ಟು ತಾವು ಸ್ವಲ್ಪವೇ ಮಾಡಿಕೊಂಡಿದ್ದರು.

ಹಾಗೆಂದು ಬೆಲ್ಜಿಯಂನವರೆಲ್ಲ ಆ ಮುದುಕನಂತೆ ಎಂದು ಯಾರೂ ತಿಳಿಯಬೇಡಿ. ಅಲ್ಲಿ ಬಿಯರಿಗೆ ಹದಿನಾರು ವರ್ಷವಾದರೆ ಸಾಕು. ಲೂವೆನ್‌ನ ಹಳೆಯ ಪೇಟೆಯ ಚೌಕದ ಸುತ್ತ ಬರೀ ಕೆಫೆಗಳು. ಶುಕ್ರವಾರ ವಿದ್ಯಾರ್ಥಿಗಳು ಸೂಟ್‌ಕೇಸ್ ಎಳೆದುಕೊಂಡು ಊರಿಗೆ ಹೋಗುವುದರಿಂದ ಅವರ ರಾತ್ರಿ ಗುರುವಾರ. ಒಂದು ಗುರುವಾರ ಹತ್ತೂವರೆಗೆ ನಾವು ಆ ದಾರಿಯಲ್ಲಿ ಬಂದಾಗ ಕಾಲಡಿಯಲ್ಲಿ ಪ್ಲಾಸ್ಟಿಕ್ ಲೋಟಗಳು ಪಟಪಟ ಎನ್ನುತ್ತಿದ್ದವು. ಗೋಡೆಗೆ ಹಣೆ ಕೊಟ್ಟು ನಿಂತ ಹುಡುಗನೊಬ್ಬನ ಬೆನ್ನನ್ನು ಅವನ ಗೆಳೆಯ ತಟ್ಟುತ್ತಿದ್ದ. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು. ಅವನಿಗೂ ಎಲ್ಲೋ ಒಬ್ಬ ತಾಯಿ ಶುಕ್ರವಾರ ಬಟ್ಟೆ ಒಗೆಯಲು ಕಾದಿರುತ್ತಾಳೆ.

ವೆಸ್ಟ್‌ಮಾಲೆಯ ಮೇಜಿನಲ್ಲಿ ನಾನು ಮಗಳಿಗೆ ಅಪ್ಪನ ವಿಷಯ ಹೇಳಿದೆ. ತಾತ ಕುಡಿಯುತ್ತಿದ್ದರು ಎಂದಷ್ಟೇ ಅವಳಿಗೆ ಗೊತ್ತಿತ್ತು. ಕೊಪ್ಪರಿಗೆಯ ಹದದ ಕಥೆ, ಎಬ್ಬಿಸಲು ಹೋಗುತ್ತಿದ್ದ ದೊಡ್ಡಮ್ಮನ ಕಥೆ, ಆಸ್ಪತ್ರೆಯ ಕೊನೆಯ ಹನ್ನೊಂದು ದಿನ, ಎಲ್ಲವನ್ನೂ ಹೇಳಿದೆ. ಈ ಚಟ ಕೆಲವು ಮನೆತನಗಳಲ್ಲಿ ರಕ್ತದಲ್ಲೇ ಸ್ವಲ್ಪ ಇಳಿದು ಬರುತ್ತದೆ ಎಂಬುದು ಜೀನ್ ಓದುವ ಅವಳಿಗೆ ನಾನು ಕಲಿಸಬೇಕಾದ ಪಾಠವಲ್ಲ. ಅದು ನಮ್ಮ ಮನೆತನದ ಲೆಕ್ಕ ಎಂಬುದನ್ನು ಮಾತ್ರ ನಾನೇ ಹೇಳಬೇಕಿತ್ತು.

ಅವಳು ಬಹಳ ಹೊತ್ತು ಕೇಳಿದಳು. ಬಟ್ಟಲು ನಮ್ಮಿಬ್ಬರ ನಡುವೆ ಇತ್ತು, ನೊರೆ ಇಳಿದಿತ್ತು. "ನಾನು ಬಿಡಬೇಕಾ ಅಮ್ಮ?" ಎಂದಳು.

"ನಿನ್ನ ವಯಸ್ಸು ಇಪ್ಪತ್ತೇಳು. ಬಿಡು, ಹಿಡಿ ಅನ್ನೋಕೆ ನಾನು ಯಾರು? ಬಿಟ್ಟರೆ ನನಗೆ ಸಂತೋಷ. ಬಿಡದಿದ್ದರೆ ಎಷ್ಟು ಅಂತ ಎಣಿಸ್ತಾ ಇರು. ಎಣಿಸೋದು ಮರೆತ ದಿನ ನನಗೆ ಫೋನ್ ಮಾಡು. ಎಷ್ಟು ಹೊತ್ತಾದರೂ ಸರಿ, ಬಯ್ಯಲ್ಲ."

"ಬಯ್ಯಲ್ವಾ?"

"ಮಾರನೇ ದಿನ ಬಯ್ತೀನಿ."

ಅವಳ ಅಪ್ಪ ಈ ಮಾತಿಗೆಲ್ಲ ಸಾಕ್ಷಿಯಾಗಿ ಚೀಸಿನ ತಟ್ಟೆಯನ್ನು ಸಾಸಿವೆಯ ಸಮೇತ ಖಾಲಿ ಮಾಡಿದ್ದರು. ನಾನು ಕುಡಿದದ್ದು ಮೂರು ಗುಟುಕು. ಮೂರನೆಯದನ್ನು ಅಪ್ಪನ ವಾಸನೆಯನ್ನು ಬದಿಗಿಟ್ಟು ಬರೀ ಆಲೆಮನೆಯನ್ನು ಹಿಡಿಯಲು ಆಗುತ್ತದೆಯೇ ಎಂದು ನೋಡುವುದಕ್ಕೆ ಕುಡಿದೆ; ಆಗಲಿಲ್ಲ. ಮಗಳು ಎರಡು ಗುಟುಕು ಕುಡಿದು ಬಟ್ಟಲನ್ನು ಸರಿಸಿದಳು. ಅರ್ಧಕ್ಕಿಂತ ಹೆಚ್ಚು ಉಳಿದದ್ದನ್ನು ಕಂಡು ಬಟ್ಟಲು ಒಯ್ಯಲು ಬಂದ ಹೆಂಗಸು, ರುಚಿಸಲಿಲ್ಲವೇ ಎಂದು ಕೇಳಿದಳು. ತುಂಬಾ ಚೆನ್ನಾಗಿದೆ ಎಂದು ಹೇಳಿಸಿದೆ. ಅದು ನಿಜವೇ.

ರಾತ್ರಿ ಲೂವೆನ್‌ಗೆ ಬಂದ ಮೇಲೆ ಊರಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. ಅಲ್ಲಿ ಮಧ್ಯರಾತ್ರಿ ದಾಟಿತ್ತು, ಆದರೂ ಎದ್ದಿದ್ದಳು. ನೀರು ಹಾಯಿಸಲು ರಾತ್ರಿ ಕರೆಂಟಿಗೆ ಕಾಯುವ ಮನೆ ಅದು. ಎಲ್ಲವನ್ನೂ ಹೇಳಿದೆ: ಮಠ, ಸಾಲುಮರ, ಬೀಟಿನ ಬೆಲ್ಲ, ಹಾಗಲಕಾಯಿ ಗೊಜ್ಜು. ಅವಳು ಸ್ವಲ್ಪ ಸುಮ್ಮನಿದ್ದು ಕೇಳಿದಳು:

"ಅಪ್ಪನ ವಾಸ್ನೆ ಬಂತೇನೇ?"

"ಬಂತು ಕಣಕ್ಕ."

"ಹೂಂ" ಎಂದಳು. ಆಮೇಲೆ, "ಆ ಬೀಟ್‌ರೂಟಿಗೆ ಅಲ್ಲಿ ಟನ್ನಿಗೆ ಎಷ್ಟು ಕೊಡ್ತಾರಂತೆ? ಬಾಕಿ ಉಳಿಸ್ಕೊಳ್ದೆ ಕೊಡ್ತಾರಾ?" ಎಂದು ವಿಚಾರಿಸಿದಳು. ಮಗಳನ್ನು ಕೇಳಿ ನಾಳೆ ಹೇಳುತ್ತೇನೆ ಎಂದೆ.